ಕಾರು ಕೊಳ್ಳುವುದೋ, ಲೀಸಿಗೆ ತರುವುದೋ?

ಪುಣೆಯ ಹಿಂಜವಡಿಯಲ್ಲೋ ಹೈದರಾಬಾದಿನ ಗಚ್ಚಿಬೌಲಿಯಲ್ಲೋ ಚೆನ್ನೈನ ಓಎಂಆರ್‌ನಲ್ಲೋ ಕೆಲಸ ಮಾಡುವ ನಮ್ಮಲ್ಲಿ ಬಹಳಷ್ಟು ಜನರಿಗೆ ಹಣಕಾಸು ವರ್ಷದ ಆರಂಭದಲ್ಲಿ ಕಂಪನಿಯಿಂದ ಒಂದು ಮೇಲ್ ಬರುತ್ತದೆ. ಸಂಬಳದ ಯಾವ ಭಾಗ ಯಾವ ಹೆಸರಿನಲ್ಲಿ ಬೇಕು ಎಂದು ನೀವೇ ಆರಿಸಿಕೊಳ್ಳಿ ಎನ್ನುವ ಮೇಲ್ ಅದು. ಊಟದ ಕಾರ್ಡು, ಇಂಟರ್ನೆಟ್ ಬಿಲ್ಲು, ಪುಸ್ತಕದ ಖರ್ಚು ಎಲ್ಲ ದಾಟಿದ ಮೇಲೆ ಪಟ್ಟಿಯಲ್ಲೆಲ್ಲೋ ‘ಕಾರ್ ಲೀಸ್’ ಎಂಬ ಸಾಲು ಇರುತ್ತದೆ. ಅದೇ ವಾರ ಸಹೋದ್ಯೋಗಿಯೊಬ್ಬರು ಹೊಸ ಎಸ್‌ಯುವಿ ತಂದು, ‘ತೆರಿಗೆಯಲ್ಲೇ ಮೂರನೇ ಒಂದು ಭಾಗ ಬಿಟ್ಟುಹೋಯಿತು’ ಎಂದು ಹೇಳುತ್ತಾರೆ. ಮನೆಗೆ ಫೋನ್ ಮಾಡಿದರೆ ಅಪ್ಪನ ಮಾತು ಬೇರೆ: ‘ಬಾಡಿಗೆ ಕಾರು ಯಾಕಪ್ಪಾ? ಸಾಲ ಆದರೂ ಆಗಲಿ, ಸ್ವಂತದ್ದು ತಗೋ.’

ಇಬ್ಬರ ಮಾತಿನಲ್ಲೂ ಅರ್ಧ ಸತ್ಯ ಇದೆ. ಉಳಿದರ್ಧವನ್ನು ನಾವೇ ಲೆಕ್ಕ ಹಾಕಿಕೊಳ್ಳಬೇಕು. ಊರು ಬಿಟ್ಟು ಬೇರೆ ರಾಜ್ಯದಲ್ಲಿರುವ ನಮ್ಮಂಥವರಿಗೆ ಈ ಲೆಕ್ಕ ಬೆಂಗಳೂರಿನಲ್ಲೇ ಹುಟ್ಟಿ ಬೆಂಗಳೂರಿನಲ್ಲೇ ಇರುವವರ ಲೆಕ್ಕಕ್ಕಿಂತ ಸ್ವಲ್ಪ ಬೇರೆ. ಕಾರಣ ಸರಳ. ನೌಕರಿಯ ಮೂಲಕ ಬರುವ ಲೀಸ್, ಕಾರನ್ನು ನಿಮ್ಮ ನೌಕರಿಗೆ ಕಟ್ಟಿಹಾಕುತ್ತದೆ. ಖರೀದಿ, ಕಾರನ್ನು ನೀವಿರುವ ರಾಜ್ಯಕ್ಕೆ ಕಟ್ಟಿಹಾಕುತ್ತದೆ. ಹಾಗಾಗಿ ಯಾವ ಕಾರು, ಯಾವ ಬಣ್ಣ ಎನ್ನುವುದಕ್ಕೂ ಮುಂಚೆ ಕೇಳಿಕೊಳ್ಳಬೇಕಾದದ್ದು ಇಷ್ಟು: ಮುಂದಿನ ನಾಲ್ಕು ವರ್ಷಗಳಲ್ಲಿ ನಾನು ಮೊದಲು ಬಿಡುವುದು ಈ ನೌಕರಿಯನ್ನೋ, ಈ ರಾಜ್ಯವನ್ನೋ?

ಲೀಸ್ ಅಂದರೆ ನಿಜವಾಗಿ ಏನು?

ನಮ್ಮಲ್ಲಿ ಲೀಸ್ ಎನ್ನುವ ಹೆಸರಿನಲ್ಲಿ ಮುಖ್ಯವಾಗಿ ಎರಡು ಬಗೆ ಇವೆ. ಮೊದಲನೆಯದು ಕಂಪನಿ ಮೂಲಕ ಬರುವುದು. ಲೀಸಿಂಗ್ ಸಂಸ್ಥೆ ಕಾರು ಕೊಳ್ಳುತ್ತದೆ, ನಿಮ್ಮ ಕಂಪನಿ ಅದನ್ನು ಬಾಡಿಗೆಗೆ ಪಡೆಯುತ್ತದೆ, ನೀವು ಓಡಿಸುತ್ತೀರಿ. ಬಾಡಿಗೆ ನಿಮ್ಮ ಸಿಟಿಸಿಯಿಂದಲೇ ಕಡಿತವಾಗುತ್ತದೆ. ಮೂರರಿಂದ ಐದು ವರ್ಷದ ಕರಾರು ಸಾಮಾನ್ಯ. ವಿಮೆ, ಸರ್ವಿಸ್, ಟೈರು ಇವೆಲ್ಲ ಬಾಡಿಗೆಯೊಳಗೇ ಸೇರಿರಬಹುದು, ಸೇರದೆಯೂ ಇರಬಹುದು.

ಎರಡನೆಯದು ಚಂದಾ ಪದ್ಧತಿ. ಇದಕ್ಕೆ ನಿಮ್ಮ ಕಂಪನಿಯ ನಡುವಸ್ತಿಕೆ ಬೇಡ, ನೀವೇ ನೇರವಾಗಿ ಪಡೆಯಬಹುದು. ಮಾರುತಿ ಸುಜುಕಿ 2020ರಲ್ಲಿ ತನ್ನ ಚಂದಾ ಯೋಜನೆಯನ್ನು ಪ್ರಯೋಗಕ್ಕೆ ಇಳಿಸಿದಾಗ ಆರಿಸಿಕೊಂಡ ನಗರಗಳಲ್ಲಿ ಬೆಂಗಳೂರೂ ಒಂದು. ಒಂದೆರಡು ವರ್ಷಕ್ಕೆ ಕಾರು ಬೇಕು, ಆಮೇಲೆ ಬೇಡ ಎನ್ನುವವರಿಗೆ ಇದು ಅನುಕೂಲ. ಆದರೆ ಬಾಡಿಗೆ ತೆರಿಗೆ ಕಟ್ಟಿದ ಮೇಲೆ ಕೈಗೆ ಬಂದ ಸಂಬಳದಿಂದ ಹೋಗುತ್ತದೆ. ಸಹೋದ್ಯೋಗಿ ಹೇಳುವ ‘ಮೂರನೇ ಒಂದು ಭಾಗ’ ಇಲ್ಲಿ ಇಲ್ಲ.

ತೆರಿಗೆ ಉಳಿತಾಯ ಎಲ್ಲಿಂದ ಬರುತ್ತದೆ?

ಸಂಬಳದಾರರು ಸ್ವಂತಕ್ಕೆ ಕೊಂಡ ಕಾರಿನ ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಇಲ್ಲ. ಸವಕಳಿಯನ್ನೂ ತೋರಿಸುವಂತಿಲ್ಲ. ವಿದ್ಯುತ್ ವಾಹನದ ಸಾಲದ ಬಡ್ಡಿಗೆ 80ಇಇಬಿ ಅಡಿಯಲ್ಲಿ ಇದ್ದ ವಿನಾಯಿತಿಯೂ 2023ರ ಮಾರ್ಚ್ 31ರ ಒಳಗೆ ಮಂಜೂರಾದ ಸಾಲಗಳಿಗೆ ಮಾತ್ರ.

ಕಂಪನಿ ಕೊಟ್ಟ ಕಾರಿನ ಕಥೆ ಬೇರೆ. ಕಚೇರಿ ಕೆಲಸಕ್ಕೂ ಮನೆಯ ಬಳಕೆಗೂ ಎರಡಕ್ಕೂ ಓಡುವ ಕಾರನ್ನು ಕಂಪನಿ ಕೊಟ್ಟು, ಅದರ ಖರ್ಚನ್ನೂ ಭರಿಸಿದರೆ, ಅದರ ಪೂರ್ತಿ ವೆಚ್ಚವನ್ನು ನಿಮ್ಮ ಆದಾಯಕ್ಕೆ ಸೇರಿಸುವುದಿಲ್ಲ. 1962ರ ಆದಾಯ ತೆರಿಗೆ ನಿಯಮಗಳಲ್ಲಿ ಇದಕ್ಕೆ ನಿಗದಿ ಮಾಡಿದ್ದ ಮೊತ್ತ ತಿಂಗಳಿಗೆ 1,800 ರೂಪಾಯಿ. ಎಂಜಿನ್ 1.6 ಲೀಟರ್‌ಗಿಂತ ದೊಡ್ಡದಾದರೆ 2,400. ಚಾಲಕನನ್ನೂ ಕೊಟ್ಟರೆ ಇನ್ನು 900. ಅಂದರೆ 32,000 ರೂಪಾಯಿ ಬಾಡಿಗೆ ನಿಮ್ಮ ತೆರಿಗೆಯ ಲೆಕ್ಕದಿಂದ ಹೊರಗೆ ಹೋಗುತ್ತದೆ, 1,800 ಮಾತ್ರ ಒಳಗೆ ಬರುತ್ತದೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವುದರಿಂದ, ಕರಾರಿಗೆ ಸಹಿ ಹಾಕುವ ಮುನ್ನ ಈ ವರ್ಷದ ಮೊತ್ತ ಎಷ್ಟೆಂದು ನಿಮ್ಮ ಸಂಬಳ ವಿಭಾಗದಿಂದ ಬರೆಸಿಕೊಳ್ಳಿ. ಆ ಮೊತ್ತ 5,000 ಆದರೂ, ಅತಿ ಮೇಲಿನ ದರದವರ ಉಳಿತಾಯ ತಿಂಗಳಿಗೆ ಸಾವಿರ ರೂಪಾಯಿಯಷ್ಟೇ ಕಡಿಮೆಯಾಗುತ್ತದೆ.

ಹೊಸ ತೆರಿಗೆ ಪದ್ಧತಿಯಲ್ಲಿ ಮನೆ ಬಾಡಿಗೆ ಭತ್ಯೆ, 80ಸಿ ಯಾವುದರ ವಿನಾಯಿತಿಯೂ ಇಲ್ಲ. ಆದರೆ ಕಂಪನಿ ಕಾರಿನ ಈ ಸೌಲಭ್ಯ ಅಲ್ಲಿಯೂ ಉಳಿದಿದೆ. ಐಟಿ ಕಂಪನಿಗಳಲ್ಲಿ ಇತ್ತೀಚೆಗೆ ಎಲ್ಲರ ಬಾಯಲ್ಲೂ ಲೀಸ್ ಮಾತು ಕೇಳುವುದಕ್ಕೆ ಇದೂ ಒಂದು ಕಾರಣ. ಒಂದು ಎಚ್ಚರ ಇರಲಿ. ಈ ನಿಯಮ ಇರುವುದು ಭಾಗಶಃವಾದರೂ ಕಚೇರಿ ಕೆಲಸಕ್ಕೆ ಓಡುವ ಕಾರಿಗೆ. ಪೂರ್ತಿ ಮನೆಯ ಬಳಕೆಯ ಕಾರಾದರೆ ವೆಚ್ಚವೆಲ್ಲ ನಿಮ್ಮ ಆದಾಯಕ್ಕೇ ಸೇರಬೇಕು.

ಈಗ ಲೆಕ್ಕ

ಲೆಕ್ಕಕ್ಕಾಗಿ ಒಂದು ಕಾರು ಇಟ್ಟುಕೊಳ್ಳೋಣ. ಆನ್‌ರೋಡ್ ಬೆಲೆ 14 ಲಕ್ಷ. ಅವಧಿ ನಾಲ್ಕು ವರ್ಷ. ಇಲ್ಲಿರುವ ಬಾಡಿಗೆ, ಮರುಮಾರಾಟದ ಬೆಲೆಗಳೆಲ್ಲ ನಾನು ಹಿಡಿದುಕೊಂಡ ಅಂದಾಜುಗಳು. ನಿಮಗೆ ಬಂದ ಕೊಟೇಶನ್ ಹಾಕಿಕೊಂಡು ಇದೇ ಸಾಲುಗಳನ್ನು ತುಂಬಿ ನೋಡಿ.

ಖರೀದಿ ಮಾಡಿದರೆ: ಮುಂಗಡ 4 ಲಕ್ಷ. 10 ಲಕ್ಷ ಸಾಲ, ಶೇ 9 ಬಡ್ಡಿ, 48 ಕಂತು. ತಿಂಗಳ ಕಂತು 24,885 ರೂಪಾಯಿ, ಒಟ್ಟು ಕಂತು 11.94 ಲಕ್ಷ. ನಾಲ್ಕು ವರ್ಷದಲ್ಲಿ ಸರ್ವಿಸ್ ಮತ್ತು ವಿಮೆ ನವೀಕರಣಕ್ಕೆ 1.5 ಲಕ್ಷ. ಮುಂಗಡವಾಗಿ ಹೋದ 4 ಲಕ್ಷ ಬ್ಯಾಂಕಿನಲ್ಲಿ ಠೇವಣಿಯಾಗಿದ್ದರೆ ಶೇ 7ರ ದರದಲ್ಲಿ, ತೆರಿಗೆ ಕಳೆದು ಬರುತ್ತಿದ್ದ ಬಡ್ಡಿ ಸುಮಾರು 85,000. ಎಲ್ಲ ಕೂಡಿದರೆ 18.29 ಲಕ್ಷ. ನಾಲ್ಕು ವರ್ಷದ ನಂತರ ಕಾರು 7 ಲಕ್ಷಕ್ಕೆ ಹೋಯಿತು ಎಂದುಕೊಂಡರೆ ನಿವ್ವಳ ಖರ್ಚು 11.29 ಲಕ್ಷ. ತಿಂಗಳಿಗೆ ಸುಮಾರು 23,500.

ಲೀಸ್ ಮಾಡಿದರೆ: ವಿಮೆ, ಸರ್ವಿಸ್, ಜಿಎಸ್‌ಟಿ ಎಲ್ಲ ಸೇರಿ ಬಾಡಿಗೆ 32,000 ಎಂದುಕೊಳ್ಳೋಣ. 48 ತಿಂಗಳಿಗೆ 15.36 ಲಕ್ಷ. ಕೊನೆಗೆ ಕಾರು ವಾಪಸು, ಕೈಯಲ್ಲಿ ಏನೂ ಇಲ್ಲ. ತೆರಿಗೆ ಲಾಭ ಸಿಗದಿದ್ದರೆ ಖರೀದಿಗಿಂತ 4 ಲಕ್ಷ ದುಬಾರಿ. ಅಪ್ಪ ಹೇಳಿದ್ದು ಸರಿ.

ಈಗ ತೆರಿಗೆ ಸೇರಿಸೋಣ. ಹೊಸ ಪದ್ಧತಿಯಲ್ಲಿ 2025-26ರ ದರದಂತೆ 24 ಲಕ್ಷ ದಾಟಿದ ಆದಾಯಕ್ಕೆ ಶೇ 30, ಸೆಸ್ ಸೇರಿದರೆ ಶೇ 31.2. ಬಾಡಿಗೆ ಕಳೆದ ಮೇಲೂ ನಿಮ್ಮ ಆದಾಯ 24 ಲಕ್ಷದ ಮೇಲೇ ಇದ್ದರೆ, 30,200 ರೂಪಾಯಿಯ ಮೇಲೆ ತಿಂಗಳಿಗೆ ಸುಮಾರು 9,400 ಉಳಿಯುತ್ತದೆ. ನಾಲ್ಕು ವರ್ಷದ ನಿವ್ವಳ ಖರ್ಚು 10.84 ಲಕ್ಷಕ್ಕೆ ಇಳಿಯುತ್ತದೆ. ಖರೀದಿಗಿಂತ 45,000 ಕಡಿಮೆ. ಕಂಪನಿ ಪೆಟ್ರೋಲ್ ಬಿಲ್ಲನ್ನೂ ಇದೇ ವ್ಯವಸ್ಥೆಯಲ್ಲಿ ಮರಳಿಸಿದರೆ ಲಾಭ ಇನ್ನೂ ಹೆಚ್ಚು. ತಿಂಗಳಿಗೆ 8,000 ಪೆಟ್ರೋಲಿಗೆ 2,500ರಷ್ಟು ತೆರಿಗೆ ಉಳಿಯುತ್ತದೆ. ಸಹೋದ್ಯೋಗಿ ಹೇಳಿದ್ದೂ ಸರಿ.

ಆದರೆ ಅವರ ಸಂಬಳವೇ ನಿಮ್ಮ ಸಂಬಳವಲ್ಲ. ನಿಮ್ಮ ತೆರಿಗೆಗೊಳಪಡುವ ಆದಾಯ 16 ಲಕ್ಷದ ಆಸುಪಾಸಿನಲ್ಲಿದ್ದರೆ ಮೇಲಿನ ದರ ಶೇ 15, ಸೆಸ್ ಸೇರಿ 15.6. ಉಳಿಯುವುದು ತಿಂಗಳಿಗೆ 4,700. ನಾಲ್ಕು ವರ್ಷದ ಲೀಸ್ ಖರ್ಚು 13.10 ಲಕ್ಷ, ಖರೀದಿಗಿಂತ 1.8 ಲಕ್ಷ ಹೆಚ್ಚು. ಒಂದೇ ಕಾರು, ಒಂದೇ ಕರಾರು, ಇಬ್ಬರಿಗೆ ಎರಡು ಉತ್ತರ. ಲೀಸಿಂಗ್ ಸಂಸ್ಥೆಯವರು ತೋರಿಸುವ ಎಕ್ಸೆಲ್ ಹಾಳೆಯಲ್ಲಿ ಸಾಮಾನ್ಯವಾಗಿ ಅತಿ ಮೇಲಿನ ದರವೇ ಇರುತ್ತದೆ. ಅಲ್ಲಿ ನಿಮ್ಮ ದರ ಹಾಕಿ ನೋಡುವುದು ಮೊದಲ ಕೆಲಸ.

ಎರಡನೆಯ ಕೆಲಸ, ಅವಧಿ ಬದಲಿಸಿ ನೋಡುವುದು. ಕೊಂಡ ಕಾರನ್ನು ನಾಲ್ಕು ವರ್ಷಕ್ಕೆ ಮಾರದೆ ಇನ್ನೂ ನಾಲ್ಕು ವರ್ಷ ಓಡಿಸಿದಿರಿ ಎನ್ನಿ. ಕಂತು ಮುಗಿದಿದೆ. ಸರ್ವಿಸ್, ಟೈರು, ಬ್ಯಾಟರಿ, ವಿಮೆ ಎಲ್ಲ ಸೇರಿ 2.4 ಲಕ್ಷ. ಕಾರಿನ ಬೆಲೆ 7 ಲಕ್ಷದಿಂದ 3 ಲಕ್ಷಕ್ಕೆ ಇಳಿದರೆ 4 ಲಕ್ಷ. ಆ 7 ಲಕ್ಷ ಬ್ಯಾಂಕಿನಲ್ಲಿದ್ದರೆ ಬರುತ್ತಿದ್ದ ಬಡ್ಡಿ ಒಂದೂವರೆ ಲಕ್ಷ. ಒಟ್ಟು 7.9 ಲಕ್ಷ, ತಿಂಗಳಿಗೆ 16,500. ಅದೇ ನಾಲ್ಕು ವರ್ಷಕ್ಕೆ ಹೊಸ ಲೀಸ್ ಮಾಡಿದವರು ಮತ್ತೆ 22,500 ಕೊಡುತ್ತಿರುತ್ತಾರೆ, ಅದೂ ಕಾರುಗಳ ಬೆಲೆ ಏರದಿದ್ದರೆ. ಕಾರಿನ ಲಾಭ ಇರುವುದು ಹಳೆಯದಾದ ಮೇಲೆ ಓಡಿಸುವುದರಲ್ಲಿ. ಐದನೇ ವರ್ಷಕ್ಕೆ ಹೊಸ ಮಾಡೆಲ್ ಬೇಕೇಬೇಕು ಎನ್ನುವವರಿಗೆ ಮಾತ್ರ ಈ ಲಾಭ ದಕ್ಕುವುದಿಲ್ಲ.

ನೌಕರಿ ಬಿಟ್ಟರೆ?

ಲೀಸಿನ ನಿಜವಾದ ಅಪಾಯ ಬಾಡಿಗೆಯಲ್ಲಿಲ್ಲ, ಕರಾರಿನ ಮಧ್ಯೆ ನೌಕರಿ ಹೋಗುವುದರಲ್ಲಿದೆ. ನೀವೇ ಬಿಟ್ಟರೂ ಅಷ್ಟೇ, ಕಂಪನಿ ಕೈಬಿಟ್ಟರೂ ಅಷ್ಟೇ. ಆಗ ಸಾಮಾನ್ಯವಾಗಿ ಮೂರು ದಾರಿ. ಹೊಸ ಕಂಪನಿಗೂ ಅದೇ ಲೀಸಿಂಗ್ ಸಂಸ್ಥೆಯ ಜೊತೆ ಒಪ್ಪಂದ ಇದ್ದು, ಅವರು ಒಪ್ಪಿದರೆ ಕರಾರು ಅಲ್ಲಿಗೆ ವರ್ಗವಾಗುತ್ತದೆ. ಇಲ್ಲವಾದರೆ ಬಾಕಿ ಮೊತ್ತವನ್ನು ಒಂದೇ ಗಂಟಿನಲ್ಲಿ ಕಟ್ಟಿ ಕಾರು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಅದೂ ಆಗದಿದ್ದರೆ ದಂಡ ಕೊಟ್ಟು ಕಾರು ಹಿಂದಿರುಗಿಸಬೇಕು. ದಂಡವನ್ನು ಕೊನೆಯ ಲೆಕ್ಕ ಚುಕ್ತಾ ಮಾಡುವಾಗ ಅಲ್ಲೇ ಹಿಡಿದುಕೊಳ್ಳಬಹುದು. ಸಂಬಳ ನಿಂತ ತಿಂಗಳಲ್ಲೇ ಈ ಹೊಡೆತವೂ ಬೀಳುತ್ತದೆ ಎಂಬುದನ್ನು ಗಮನಿಸಿ.

ಕೊಂಡ ಕಾರಿನಲ್ಲೂ ಸಾಲ ಇರುತ್ತದೆ, ಕಂತು ನಿಲ್ಲುವುದಿಲ್ಲ. ಆದರೆ ನಿರ್ಧಾರ ನಿಮ್ಮ ಕೈಯಲ್ಲಿರುತ್ತದೆ. ಮೇಲಿನ ಉದಾಹರಣೆಯಲ್ಲಿ 20 ಕಂತು ಕಟ್ಟಿದ ಮೇಲೆ ಸಾಲದ ಬಾಕಿ 6.26 ಲಕ್ಷ. ಆ ಹೊತ್ತಿಗೆ ಕಾರಿಗೆ 9.5 ಲಕ್ಷ ಬಂದರೆ ಬ್ಯಾಂಕಿನ ಸಾಲ ತೀರಿಸಿ, ಅವಧಿಗೆ ಮುಂಚೆ ಮುಗಿಸಿದ್ದಕ್ಕೆ ಬ್ಯಾಂಕು ಹಾಕುವ ಶುಲ್ಕ ಕೊಟ್ಟ ಮೇಲೂ 3 ಲಕ್ಷ ಕೈಯಲ್ಲಿ ಉಳಿಯುತ್ತದೆ. ಹೊಸ ಕೆಲಸ ಸಿಗುವವರೆಗೆ ಮೂರು ಲಕ್ಷ ಸಣ್ಣ ಮಾತಲ್ಲ, ಅದರಲ್ಲೂ ಮನೆ ಬಾಡಿಗೆ, ಶಾಲೆಯ ಫೀಸು ಎರಡನ್ನೂ ಪರಊರಿನಲ್ಲಿ ನಿಭಾಯಿಸಬೇಕಾದವರಿಗೆ.

ಹಾಗಾಗಿ ಎರಡು ವರ್ಷಕ್ಕೊಮ್ಮೆ ಕಂಪನಿ ಬದಲಿಸುವ ಅಭ್ಯಾಸ ಇರುವವರು, ಪ್ರಾಜೆಕ್ಟ್ ಮುಗಿದರೆ ಬೆಂಚಿನ ಮೇಲೆ ಕೂರಬೇಕಾದವರು ಲೀಸಿನ ತೆರಿಗೆ ಲಾಭವನ್ನು ಕೈಗೆ ಬಂದ ಹಣ ಎಂದು ಎಣಿಸಬಾರದು. ನಾಲ್ಕು ವರ್ಷ ಅದೇ ಕಂಪನಿಯಲ್ಲಿ ಉಳಿದರೆ ಮಾತ್ರ ಆ ಲಾಭ ಪೂರ್ತಿ ನಿಮ್ಮದು.

ರಾಜ್ಯ ಬಿಟ್ಟರೆ?

ಕೊಂಡ ಕಾರಿನ ತೊಡಕು ಇನ್ನೊಂದು ಬದಿಯಲ್ಲಿದೆ. ನೋಂದಣಿಯ ಸಮಯದಲ್ಲಿ ಕಟ್ಟುವ ಆಜೀವ ತೆರಿಗೆ ಆ ರಾಜ್ಯದ್ದು. 1988ರ ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನ ಪ್ರಕಾರ ಒಂದು ರಾಜ್ಯದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು. ಹಳೆಯ ಆರ್‌ಟಿಒದಿಂದ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ, ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆ, ಹೊಸ ರಾಜ್ಯದಲ್ಲಿ ಕಾರಿನ ವಯಸ್ಸಿಗೆ ತಕ್ಕಂತೆ ಮತ್ತೆ ತೆರಿಗೆ. ಹಳೆಯ ರಾಜ್ಯದಲ್ಲಿ ಉಳಿದ ವರ್ಷಗಳ ತೆರಿಗೆ ವಾಪಸು ಕೇಳಬಹುದು, ಆದರೆ ಅದಕ್ಕೆ ಅರ್ಜಿ ಹಿಡಿದು ಓಡಾಡಬೇಕಾದವರು ನೀವೇ.

ಊರಿಗೆ ಮರಳುವ ಯೋಚನೆ ಇರುವವರಿಗೆ ಇಲ್ಲಿ ದೊಡ್ಡ ಮೊತ್ತವೇ ಇದೆ. 10ರಿಂದ 20 ಲಕ್ಷದೊಳಗಿನ ಪೆಟ್ರೋಲ್ ಕಾರಿಗೆ ಮಹಾರಾಷ್ಟ್ರದ ತೆರಿಗೆ ಶೇ 12. ಅದೇ ಬೆಲೆಯ ಕಾರಿಗೆ ಕರ್ನಾಟಕದಲ್ಲಿ ಶೇ 17, ಸೆಸ್ ಬೇರೆ. ಪುಣೆಯಲ್ಲಿ ಕಾರು ಕೊಂಡು ಎರಡು ವರ್ಷಕ್ಕೆ ಬೆಂಗಳೂರಿಗೆ ವರ್ಗವಾದರೆ, ಎರಡು ವರ್ಷ ಹಳೆಯ ಬೆಲೆಗೆ ಈ ದರದಲ್ಲಿ ಮತ್ತೆ ಹಣ ಹೊಂದಿಸಬೇಕು. ಕಾರು ಕೊಳ್ಳುವಾಗ ಈ ಖರ್ಚನ್ನು ಯಾವ ಶೋರೂಮಿನವರೂ ಹೇಳುವುದಿಲ್ಲ, ಹೇಳುವುದು ಅವರ ಕೆಲಸವೂ ಅಲ್ಲ.

ಇದಕ್ಕೆ ಪರಿಹಾರವಾಗಿ ಬಂದದ್ದು ಬಿಎಚ್ ಸರಣಿ, ಅಂದರೆ ಭಾರತ್ ಸರಣಿಯ ನಂಬರು. 2021ರ ಸೆಪ್ಟೆಂಬರ್ 15ರಿಂದ ಜಾರಿಯಲ್ಲಿದೆ. ಕೇಂದ್ರ ಮತ್ತು ರಾಜ್ಯ ಸರ್ಕಾರಿ ನೌಕರರು, ಸೈನ್ಯದವರು, ಸಾರ್ವಜನಿಕ ವಲಯದ ಉದ್ಯೋಗಿಗಳು, ಜೊತೆಗೆ ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಖಾಸಗಿ ಕಂಪನಿಯ ನೌಕರರು ಇದಕ್ಕೆ ಅರ್ಹರು. ಖಾಸಗಿಯವರು ಕಂಪನಿಯಿಂದ ನಮೂನೆ 60ರಲ್ಲಿ ಪ್ರಮಾಣಪತ್ರ ತರಬೇಕು. ಹದಿನೈದು ವರ್ಷದ ತೆರಿಗೆಯನ್ನು ಒಂದೇ ಸಲ ಕಟ್ಟುವ ಬದಲು ಎರಡು ವರ್ಷಕ್ಕೊಮ್ಮೆ ಕಟ್ಟುತ್ತಾ ಹೋಗಬಹುದು. ದರ 10 ಲಕ್ಷದ ಒಳಗೆ ಶೇ 8, 20 ಲಕ್ಷದವರೆಗೆ 10, ಅದರ ಮೇಲೆ 12. ಡೀಸೆಲ್‌ಗೆ ಶೇ 2 ಹೆಚ್ಚು, ವಿದ್ಯುತ್ ವಾಹನಕ್ಕೆ ಶೇ 2 ಕಡಿಮೆ. ರಾಜ್ಯ ಬದಲಾದರೆ ನಂಬರು ಬದಲಿಸಬೇಕಿಲ್ಲ. ಎಲ್ಲ ರಾಜ್ಯಗಳೂ ಖಾಸಗಿ ನೌಕರರಿಗೆ ಇದನ್ನು ಒಂದೇ ಉತ್ಸಾಹದಿಂದ ಕೊಡುತ್ತಿಲ್ಲ. ಆದ್ದರಿಂದ ಬುಕಿಂಗ್ ಹಣ ಕೊಡುವ ಮುನ್ನ ನಿಮ್ಮ ಆರ್‌ಟಿಒದಲ್ಲಿ ಕೊಡುತ್ತಾರೆಯೇ ಎಂದು ವಿಚಾರಿಸಿ. ಅರ್ಹತೆ ಇಲ್ಲದವರಿಗೆ ಆ ಕಾರು ಮಾರುವಾಗ ಅದನ್ನು ರಾಜ್ಯದ ಸಾಮಾನ್ಯ ನೋಂದಣಿಗೆ ಬದಲಿಸಬೇಕಾಗುತ್ತದೆ ಎಂಬುದೂ ನೆನಪಿರಲಿ.

ಬಿಎಚ್ ನಂಬರು ವ್ಯಕ್ತಿಯ ಹೆಸರಿನ ಕಾರಿಗೆ. ಲೀಸಿಂಗ್ ಸಂಸ್ಥೆಯ ಹೆಸರಿನಲ್ಲಿ ನೋಂದಣಿಯಾದ ಕಾರಿಗೆ ಈ ದಾರಿ ಇಲ್ಲ. ಮೇಲಾಗಿ ಮಹಾರಾಷ್ಟ್ರದಲ್ಲಿ ಕಂಪನಿಯ ಹೆಸರಿನ ಕಾರಿಗೆ ರಸ್ತೆ ತೆರಿಗೆ ವ್ಯಕ್ತಿಯ ಹೆಸರಿನ ಕಾರಿಗಿಂತ ಹೆಚ್ಚು. ಅದು ಬಾಡಿಗೆಯಲ್ಲಿ ಅಡಗಿರುತ್ತದೆ. ಲೀಸ್ ಅವಧಿಯ ಮಧ್ಯೆ ರಾಜ್ಯ ಬದಲಾದರೆ ಮರುನೋಂದಣಿಯ ಓಡಾಟ ಸಂಸ್ಥೆಯದ್ದಾದರೂ, ಖರ್ಚು ಬಹುಪಾಲು ಕರಾರುಗಳಲ್ಲಿ ನಿಮ್ಮದೇ.

ಕರಾರಿನ ಸಣ್ಣ ಅಕ್ಷರಗಳು

ಸಹಿಗೆ ಮುಂಚೆ ಈ ಐದು ಅಂಶಗಳನ್ನು ಹುಡುಕಿ ಓದಿ.

ಒಂದು, ಕಿಲೋಮೀಟರ್ ಮಿತಿ. ಪುಣೆಯಿಂದ ಹುಬ್ಬಳ್ಳಿಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹೋಗಿ ಬರಲು ಸುಮಾರು 850 ಕಿಲೋಮೀಟರ್. ಯುಗಾದಿ, ಬೇಸಿಗೆ ರಜೆ, ಗಣೇಶನ ಹಬ್ಬ, ದೀಪಾವಳಿ, ಒಂದು ಮದುವೆ ಎಂದು ವರ್ಷಕ್ಕೆ ಐದು ಸಲ ಹೋದರೆ ಊರಿನ ದಾರಿಗೇ 4,250 ಕಿಲೋಮೀಟರ್ ಆಯಿತು. ದಿನದ ಆಫೀಸ್ ಓಡಾಟ ಬೇರೆ. ಮಿತಿ ದಾಟಿದರೆ ಪ್ರತಿ ಕಿಲೋಮೀಟರಿಗೆ ಹೆಚ್ಚುವರಿ ಹಣ. ಇಲ್ಲೇ ಇರುವವರಿಗಿಂತ ನಮ್ಮಂಥವರಿಗೆ ಈ ಷರತ್ತು ಹೆಚ್ಚು ತಟ್ಟುತ್ತದೆ.

ಎರಡು, ಕೊನೆಯ ಬೆಲೆ. ಅವಧಿ ಮುಗಿದಾಗ ಕಾರನ್ನು ನೀವೇ ಕೊಳ್ಳಬಹುದೇ, ಎಷ್ಟಕ್ಕೆ ಎಂದು ಈಗಲೇ ಬರೆದಿದೆಯೇ ನೋಡಿ. ಕೊಂಡರೂ ಆರ್‌ಸಿಯಲ್ಲಿ ನೀವು ಎರಡನೇ ಮಾಲೀಕರು. ಮುಂದೆ ಮಾರುವಾಗ ಅದರ ಬೆಲೆ ಗೊತ್ತಾಗುತ್ತದೆ.

ಮೂರು, ವಿಮೆ. ಕಳವಾದರೆ ಅಥವಾ ಅಪಘಾತದಲ್ಲಿ ಪೂರ್ತಿ ಹಾಳಾದರೆ ವಿಮಾ ಕಂಪನಿ ಕೊಡುವುದು ಸವಕಳಿ ಕಳೆದ ಬೆಲೆ. ಎರಡರಿಂದ ಮೂರು ವರ್ಷದ ಕಾರಿಗೆ ಶೇ 30, ಮೂರರಿಂದ ನಾಲ್ಕಕ್ಕೆ ಶೇ 40, ನಾಲ್ಕರಿಂದ ಐದಕ್ಕೆ ಶೇ 50 ಕಳೆಯುತ್ತಾರೆ. ಲೀಸಿನ ಬಾಕಿ ಅದಕ್ಕಿಂತ ಹೆಚ್ಚಿದ್ದರೆ ವ್ಯತ್ಯಾಸ ಕಟ್ಟುವವರು ಯಾರು ಎಂದು ನೋಡಿ. ಕ್ಲೇಮ್ ಇಲ್ಲದೆ ಓಡಿಸಿದವರಿಗೆ ಸಿಗುವ ರಿಯಾಯಿತಿ ಮೊದಲ ವರ್ಷ ಶೇ 20ರಿಂದ ಶುರುವಾಗಿ ಐದು ವರ್ಷಕ್ಕೆ ಶೇ 50 ಆಗುತ್ತದೆ. ಅದು ಪಾಲಿಸಿ ಯಾರ ಹೆಸರಿನಲ್ಲಿದೆಯೋ ಅವರದ್ದು. ಸ್ವಂತ ಕಾರಿನದ್ದಾದರೆ ಮುಂದಿನ ಕಾರಿಗೂ ಒಯ್ಯಬಹುದು. ಸಂಸ್ಥೆಯ ಹೆಸರಿನ ಪಾಲಿಸಿಯಾದರೆ ನಾಲ್ಕು ವರ್ಷ ನೀವು ಜೋಪಾನವಾಗಿ ಓಡಿಸಿದ್ದಕ್ಕೆ ಮುಂದಿನ ಕಾರಿನಲ್ಲಿ ಏನೂ ಸಿಗುವುದಿಲ್ಲ.

ನಾಲ್ಕು, ಜಿಎಸ್‌ಟಿ. ಕಾರಿನ ಮೇಲೆ ಯಾವ ದರವೋ ಬಾಡಿಗೆಯ ಮೇಲೂ ಅದೇ ದರ. ಸಾಲದ ಬಡ್ಡಿಗೆ ಜಿಎಸ್‌ಟಿ ಇಲ್ಲ, ಲೀಸ್ ಬಾಡಿಗೆಯೊಳಗೆ ಬಡ್ಡಿಯಂತಿರುವ ಭಾಗಕ್ಕೂ ಇದೆ. ಕೊಟೇಶನ್‌ನಲ್ಲಿ ದೊಡ್ಡ ಅಕ್ಷರದಲ್ಲಿರುವ ಬಾಡಿಗೆ ಜಿಎಸ್‌ಟಿ ಸೇರಿಸಿದ್ದೋ ಬಿಟ್ಟದ್ದೋ ಕೇಳಿ.

ಐದು, ಹಿಂದಿರುಗಿಸುವ ದಿನದ ತಪಾಸಣೆ. ಮುಂಬೈಯ ಪಾರ್ಕಿಂಗಿನಲ್ಲಿ ಬಿದ್ದ ಗೀರು ಯಾವುದು ಸಹಜ, ಯಾವುದು ದಂಡಕ್ಕೆ ಯೋಗ್ಯ ಎಂದು ನಿರ್ಧರಿಸುವ ಪಟ್ಟಿ ಕರಾರಿನ ಜೊತೆಗೆ ಇರಬೇಕು.

ಬೆಲೆ ಬೀಳುವ ಭಯ ಯಾರಿಗೆ?

ಲೀಸಿನ ಪರವಾಗಿ ಒಂದು ಗಟ್ಟಿ ವಾದ ಇದೆ, ಅದನ್ನೂ ಹೇಳಬೇಕು. 2025ರ ಸೆಪ್ಟೆಂಬರ್ 22ರಂದು ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು, ಮೇಲಿದ್ದ ಸೆಸ್ ಕೂಡ ಹೋಯಿತು. ಹೊಸ ಕಾರು ಅಗ್ಗವಾದರೆ ಹಳೆಯ ಕಾರಿಗೆ ಹಿಂದಿನ ಬೆಲೆ ಬರುವುದಿಲ್ಲ. ಆ ನಷ್ಟ ಸ್ವಂತ ಕಾರಿನವರ ಮೇಲೆ ಬಿತ್ತು. ಕರಾರಿನ ಪ್ರಕಾರ ಕಾರು ಹಿಂದಿರುಗಿಸುವವರಿಗೆ ಆ ಚಿಂತೆ ಇರಲಿಲ್ಲ.

ವಿದ್ಯುತ್ ಕಾರಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಬ್ಯಾಟರಿಯ ತಂತ್ರಜ್ಞಾನ ವರ್ಷಕ್ಕೊಂದು ಹೆಜ್ಜೆ ಮುಂದೆ ಹೋಗುತ್ತಿರುವಾಗ ಐದು ವರ್ಷ ಹಳೆಯ ವಿದ್ಯುತ್ ಕಾರಿಗೆ ಎಷ್ಟು ಬರುತ್ತದೆ ಎಂದು ಇವತ್ತು ಧೈರ್ಯವಾಗಿ ಹೇಳುವುದು ಕಷ್ಟ. ಜಿಎಸ್‌ಟಿಯೂ ಶೇ 5 ಮಾತ್ರ ಇರುವುದರಿಂದ ಬಾಡಿಗೆಯ ಹೊರೆ ಹಗುರ. ಕಂಪನಿಯ ಮೂಲಕ ವಿದ್ಯುತ್ ಕಾರು ಲೀಸ್ ಸಿಗುವುದಾದರೆ, ಕಟ್ಟಡದಲ್ಲಿ ಚಾರ್ಜಿಂಗ್ ವ್ಯವಸ್ಥೆಯೂ ಇದ್ದರೆ, ಅದನ್ನು ಮೊದಲು ನೋಡಿ.

ಯಾರಿಗೆ ಯಾವುದು?

ಇಷ್ಟೆಲ್ಲ ಹೇಳಿದ ಮೇಲೆ ಉತ್ತರ ನಾಲ್ಕು ಬಗೆಯವರಿಗೆ ನಾಲ್ಕು.

ಊರು ಖಚಿತ, ನೌಕರಿ ಬದಲಾಗಬಹುದು. ಪುಣೆಯಲ್ಲೋ ಹೈದರಾಬಾದಿನಲ್ಲೋ ಫ್ಲ್ಯಾಟ್ ಆಗಿದೆ, ಮಕ್ಕಳು ಅಲ್ಲಿನ ಶಾಲೆಯಲ್ಲಿದ್ದಾರೆ, ಕಂಪನಿ ಮಾತ್ರ ಆಗಾಗ ಬದಲಾಗುತ್ತದೆ. ನಮ್ಮಲ್ಲಿ ಹೆಚ್ಚಿನವರು ಈ ಗುಂಪಿನವರು. ಇವರು ಕೊಳ್ಳಲಿ, ಎಂಟು ವರ್ಷ ಓಡಿಸಲಿ. ನಾನೂ ಇದೇ ಗುಂಪಿನವನು, ನಮ್ಮ ಮನೆಯ ತೀರ್ಮಾನವೂ ಇದೇ.

ನೌಕರಿ ಖಚಿತ, ಊರು ಬದಲಾಗುತ್ತದೆ. ಕೆನರಾ, ಸಿಂಡಿಕೇಟ್, ವಿಜಯಾ, ಕಾರ್ಪೊರೇಷನ್ ಬ್ಯಾಂಕುಗಳ ಕಾಲದಿಂದಲೂ ಕರಾವಳಿಯವರಿಗೆ ಮುಂಬೈ, ದೆಹಲಿ, ಚೆನ್ನೈ ವರ್ಗಾವಣೆ ಹೊಸದಲ್ಲ. ಬ್ಯಾಂಕು, ಸರ್ಕಾರಿ ಉದ್ದಿಮೆ, ಕೇಂದ್ರ ಸರ್ಕಾರದ ಕೆಲಸದವರಿಗೆ ಬಿಎಚ್ ನಂಬರಿನ ಸ್ವಂತ ಕಾರು ಹೇಳಿ ಮಾಡಿಸಿದಂತಿದೆ.

ಎರಡೂ ಖಚಿತ, ಆದಾಯ ಮೇಲಿನ ದರದಲ್ಲಿದೆ, ನಾಲ್ಕೈದು ವರ್ಷಕ್ಕೊಮ್ಮೆ ಕಾರು ಬದಲಿಸುವ ಆಸೆಯೂ ಇದೆ. ಇವರಿಗೆ ಕಂಪನಿ ಲೀಸ್ ನಿಜಕ್ಕೂ ಲಾಭ. ಅಪ್ಪ ಬೇಸರ ಮಾಡಿಕೊಳ್ಳಬೇಕಾಗಿಲ್ಲ. ಆಯುಧಪೂಜೆಯ ದಿನ ಚಕ್ರದ ಕೆಳಗೆ ನಿಂಬೆಹಣ್ಣು ಇಡುವಾಗ ಆರ್‌ಸಿ ಯಾರ ಹೆಸರಿನಲ್ಲಿದೆ ಎಂದು ಯಾರೂ ಕೇಳುವುದಿಲ್ಲ.

ಎರಡೂ ಖಚಿತವಿಲ್ಲ. ಮೊದಲ ನೌಕರಿ, ಬಾಡಿಗೆ ಮನೆ, ಒಂದು ವರ್ಷದಲ್ಲಿ ವಿದೇಶಕ್ಕೋ ಬೆಂಗಳೂರಿಗೋ ಹೋಗುವ ಮಾತು. ಇವರು ಹೊಸ ಕಾರಿನ ಯಾವ ಕರಾರಿಗೂ ಆತುರಪಡಬಾರದು. ಹಳೆಯ ಸಣ್ಣ ಕಾರು ನೋಡಬಹುದು, ಕಡಿಮೆ ಅವಧಿಯ ಚಂದಾ ನೋಡಬಹುದು, ಏನೂ ಇಲ್ಲದೆಯೂ ಇರಬಹುದು. ತಿಂಗಳಿಗೆ 23,500 ರೂಪಾಯಿಗೆ ನಗರದಲ್ಲಿ ಸಾಕಷ್ಟು ಸಲ ಕ್ಯಾಬ್ ಹತ್ತಬಹುದು. ಮುಂಬೈಯಲ್ಲಿ ಲೋಕಲ್ ರೈಲಿದೆ, ಪುಣೆ ಹೈದರಾಬಾದುಗಳಲ್ಲಿ ಮೆಟ್ರೊ ಇದೆ. 2024ರ ಸೆಪ್ಟೆಂಬರಿನಿಂದ ಪುಣೆ–ಹುಬ್ಬಳ್ಳಿ ನಡುವೆ ವಂದೇ ಭಾರತ್ ರೈಲೂ ಓಡುತ್ತಿದೆ. ಊರಿಗೆ ಹೋಗಲಿಕ್ಕೆ ಕಾರು ಬೇಕೇಬೇಕು ಎನ್ನುವ ಮಾತು ಮೊದಲಿನಷ್ಟು ಗಟ್ಟಿಯಾಗಿ ಉಳಿದಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಹಣದ ಬಗ್ಗೆ. ನಮ್ಮ ಕಾಲಕ್ಕೆ ಹಾಸಿಗೆಯ ಉದ್ದದ ಜೊತೆ ಅದು ಎಷ್ಟು ದಿನ ಅದೇ ಊರಿನಲ್ಲಿ ಹಾಸಿರುತ್ತದೆ ಎಂಬುದನ್ನೂ ನೋಡಬೇಕಾಗಿದೆ. ಆದ್ದರಿಂದ ಶೋರೂಮಿಗೆ ಹೋಗುವ ಹಿಂದಿನ ರಾತ್ರಿ ಮನೆಯವರೆಲ್ಲ ಕೂತು ಒಂದು ಕಾಗದದ ಮೇಲೆ ಎರಡು ವರ್ಷಗಳನ್ನು ಬರೆಯಿರಿ: ಈ ನೌಕರಿಯಲ್ಲಿ ಎಂದಿನವರೆಗೆ, ಈ ಊರಿನಲ್ಲಿ ಎಂದಿನವರೆಗೆ. ಆ ಎರಡರಲ್ಲಿ ಯಾವುದು ಮೊದಲು ಬರುತ್ತದೆ ಎಂದು ಗೊತ್ತಾದರೆ ಲೀಸೋ ಖರೀದಿಯೋ ಎಂಬ ಪ್ರಶ್ನೆಗೆ ಮುಕ್ಕಾಲು ಉತ್ತರ ಸಿಕ್ಕಂತೆ. ಉಳಿದ ಕಾಲು ಭಾಗಕ್ಕೆ ಕ್ಯಾಲ್ಕುಲೇಟರ್ ಸಾಕು.